ಜೇನುಗೂಡಿನ ‘ರಾಜ’ ರಾಣಿಯಾದ ಕಥೆ

ಮನೆಯಲ್ಲಿ ಜೇನಿನ ಶೀಶೆಯ ಮುಚ್ಚಳ ತೆರೆದರೆ ಮಕ್ಕಳ ಕೈ ತಾನಾಗಿಯೇ ಮುಂದೆ ಬರುತ್ತದೆ. ಬೆರಳ ತುದಿಯ ಸಿಹಿ ನಾಲಿಗೆಗೆ ತಾಗಿದ ಮೇಲೆ ಪ್ರಶ್ನೆಗಳ ಸರದಿ. ಹೂವಿನೊಳಗೆ ಜೇನು ಇರುತ್ತದೆಯೇ? ಗೂಡು ಕಟ್ಟಲು ಮೇಣ ಎಲ್ಲಿಂದ ಬರುತ್ತದೆ? ಇಷ್ಟೊಂದು ನೊಣಗಳಿಗೆ ಯಜಮಾನ ಯಾರು? ಮಕ್ಕಳ ಮಾತೆಂದು ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಇದೇ ಪ್ರಶ್ನೆಗಳು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿನ ಮಹಾಪಂಡಿತರನ್ನು ಕಾಡಿದ್ದವು. ಅವರಲ್ಲಿ ಬಹುಪಾಲು ಮಂದಿ ಕೊಟ್ಟ ಉತ್ತರಗಳು ತಪ್ಪಾಗಿದ್ದವು. ಸರಿಯಾದ ಉತ್ತರಗಳಲ್ಲಿ ಹಲವನ್ನು ಕಂಡುಹಿಡಿದವನಾದರೋ ಎರಡೂ ಕಣ್ಣುಗಳ ದೃಷ್ಟಿ ಕಳೆದುಕೊಂಡಿದ್ದ ಒಬ್ಬ ಮನುಷ್ಯ. ಆ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಚಿಂತಿಸುವವರಿಗೆ ಒಂದು ಕರೆ

ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರು ‘ಅನ್ನಹ್ಲ್’. ಅದರ ಅರ್ಥ ಜೇನುನೊಣ. ಆ ಅಧ್ಯಾಯದ 68 ಮತ್ತು 69ನೇ ಸೂಕ್ತಗಳು ಈ ಪುಟ್ಟ ಜೀವಿಯ ಕುರಿತು ಮಾತನಾಡುತ್ತವೆ. ಬೆಟ್ಟಗಳಲ್ಲಿ, ಮರಗಳಲ್ಲಿ ಮತ್ತು ಮನುಷ್ಯರು ಕಟ್ಟುವ ರಚನೆಗಳಲ್ಲಿ ಮನೆ ಮಾಡಿಕೊಳ್ಳುವಂತೆ ಅಲ್ಲಾಹನು ಜೇನುನೊಣಕ್ಕೆ ಪ್ರೇರಣೆ ನೀಡಿದನೆಂದೂ, ಅದರ ಉದರದಿಂದ ಹಲವು ಬಣ್ಣಗಳ ಪಾನೀಯ ಹೊರಬರುವುದೆಂದೂ, ಅದರಲ್ಲಿ ಮಾನವರಿಗೆ ಉಪಶಮನವಿದೆಯೆಂದೂ ಅಲ್ಲಿ ತಿಳಿಸಲಾಗಿದೆ. ಚಿಂತನೆ ನಡೆಸುವ ಜನರಿಗೆ ಇದರಲ್ಲಿ ನಿದರ್ಶನವಿದೆ ಎಂಬ ಮಾತಿನೊಂದಿಗೆ ಆ ಸೂಕ್ತ ಮುಗಿಯುತ್ತದೆ.

ನಾವು ಸಾಮಾನ್ಯವಾಗಿ ‘ಉಪಶಮನ’ ಎಂಬ ಪದದ ಬಳಿ ನಿಂತುಬಿಡುತ್ತೇವೆ. ಜೇನು ಔಷಧಿ ಎಂದು ಹೇಳಿ ಮುಂದೆ ಸಾಗುತ್ತೇವೆ. ಕೊನೆಯಲ್ಲಿ ಬರುವ ‘ಚಿಂತನೆ’ ಎಂಬ ಪದ ಮಾತ್ರ ಹಿಂದೆ ಉಳಿದುಬಿಡುತ್ತದೆ. ಆದರೆ ನಿದರ್ಶನದ ಬಾಗಿಲು ತೆರೆಯುವುದು ಆ ಪದದಿಂದಲೇ ಅಲ್ಲವೇ? ನೋಡದವನಿಗೆ, ಯೋಚಿಸದವನಿಗೆ, ಕೇಳದವನಿಗೆ ನಿದರ್ಶನವು ಕಣ್ಣೆದುರಿದ್ದರೂ ಕಾಣುವುದಿಲ್ಲ. ಜೇನುನೊಣದ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಹಳೆಯ ನಂಟು

ಮನುಷ್ಯ ಮತ್ತು ಜೇನಿನ ನಂಟು ಬರವಣಿಗೆಗಿಂತಲೂ ಹಳೆಯದು. ಸ್ಪೇನ್ ದೇಶದ ವೆಲೆನ್ಸಿಯಾ ಪ್ರಾಂತ್ಯದ ಅರಾನ್ಯಾ ಗುಹೆಗಳ ಬಂಡೆಯ ಮೇಲೆ ಸಾವಿರಾರು ವರ್ಷಗಳ ಹಿಂದಿನ ಒಂದು ಚಿತ್ರವಿದೆ. ಅದರಲ್ಲಿ ಒಬ್ಬ ವ್ಯಕ್ತಿ ಬಳ್ಳಿಯಂತಹ ಹಗ್ಗ ಹಿಡಿದು ಎತ್ತರದ ಗೂಡಿಗೆ ಹತ್ತಿದ್ದಾನೆ. ಕೈಯಲ್ಲಿ ಜೇನು ತುಂಬಿಕೊಳ್ಳುವ ಪಾತ್ರೆಯಿದೆ, ಸುತ್ತಲೂ ನೊಣಗಳು ಹಾರಾಡುತ್ತಿವೆ. ನಮ್ಮ ದೇಶದ ಮಧ್ಯಪ್ರದೇಶದಲ್ಲಿರುವ ಪಚ್‌ಮಢಿ ಬೆಟ್ಟಗಳ ಬಂಡೆಚಿತ್ರಗಳಲ್ಲಿಯೂ ಜೇನು ಕೀಳುವವರನ್ನು ಕಾಣಬಹುದು.

ಕಾಡಿನ ಜೇನನ್ನು ಕಿತ್ತು ತರುತ್ತಿದ್ದ ಮನುಷ್ಯ ಕಾಲಕ್ರಮೇಣ ಅದನ್ನು ಮನೆಯ ಬಳಿ ಸಾಕಲು ಕಲಿತನು. ಈಜಿಪ್ಟಿನ ಅಬೂ ಗುರಾಬ್ ಎಂಬಲ್ಲಿ ಸುಮಾರು 4400 ವರ್ಷಗಳ ಹಿಂದೆ ನಿಯುಸೆರ್ರೆ ಎಂಬ ಅರಸ ಕಟ್ಟಿಸಿದ ದೇಗುಲದ ಗೋಡೆಯ ಮೇಲೆ ಜೇನು ಸಾಕಣೆಯ ದೃಶ್ಯಗಳನ್ನು ಕೆತ್ತಲಾಗಿತ್ತು. ಒಂದರ ಮೇಲೊಂದು ಅಡ್ಡಲಾಗಿ ಜೋಡಿಸಿದ ಉದ್ದನೆಯ ಗೂಡುಗಳು, ಅವುಗಳ ಮುಂದೆ ಮಂಡಿಯೂರಿದ ಮನುಷ್ಯ, ಜೇನನ್ನು ಪಾತ್ರೆಗೆ ಸುರಿದು ಮುದ್ರೆಯೊತ್ತುವ ಕೆಲಸಗಾರರು ಆ ಕೆತ್ತನೆಯಲ್ಲಿದ್ದಾರೆ. ಜೋರ್ಡನ್ ಕಣಿವೆಯ ತೆಲ್ ರೆಹೋವ್ ಎಂಬ ಪ್ರಾಚೀನ ನಗರದ ಉತ್ಖನನದಲ್ಲಿ 2007ರಲ್ಲಿ ಸುಮಾರು 3000 ವರ್ಷ ಹಳೆಯ ಜೇನುಗೂಡುಗಳ ಸಾಲುಗಳೇ ದೊರೆತವು. ಸುಡದ ಮಣ್ಣು ಮತ್ತು ಹುಲ್ಲಿನಿಂದ ಮಾಡಿದ ಆ ಕೊಳವೆಗಳು ಊರಿನ ನಡುವೆಯೇ ಇದ್ದವು.

ಹೀಗೆ ಸಾವಿರಾರು ವರ್ಷ ಮನುಷ್ಯ ಜೇನು ತಿಂದನು, ಮಾರಿದನು, ಗಾಯಕ್ಕೆ ಹಚ್ಚಿದನು. ಅದರ ಮೇಣದಿಂದ ದೀಪ ಬೆಳಗಿಸಿದನು. ಆದರೆ ಗೂಡಿನೊಳಗೆ ನಡೆಯುವುದೇನು ಎಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಮಣ್ಣಿನ ಕೊಳವೆಯಾಗಲಿ, ಹುಲ್ಲಿನ ಬುಟ್ಟಿಯಾಗಲಿ, ಮರದ ಪೊಟರೆಯಾಗಲಿ, ಒಳಗೆ ಕತ್ತಲು. ನೋಡಲು ಹೋದವನಿಗೆ ಕುಟುಕು. ತಿಳಿವಳಿಕೆ ತಲುಪದ ಆ ಕತ್ತಲಿನಲ್ಲಿ ಊಹೆಗಳು ಮನೆ ಮಾಡಿಕೊಂಡವು.

ಊಹೆಯ ಸಿಂಹಾಸನ

ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಜೇನುನೊಣಗಳನ್ನು ಶ್ರದ್ಧೆಯಿಂದ ಗಮನಿಸಿದವರಲ್ಲಿ ಒಬ್ಬ. ಒಂದು ನೊಣವು ಒಂದು ಸಲದ ಪ್ರಯಾಣದಲ್ಲಿ ಒಂದೇ ಜಾತಿಯ ಹೂಗಳನ್ನು ಅರಸಿ ಹೋಗುತ್ತದೆಯೆಂದು ಅವನು ಬರೆದನು. ಅದು ಇಂದಿಗೂ ಒಪ್ಪಬಹುದಾದ ಮಾತು. ಆದರೆ ಜೇನು ಆಕಾಶದಿಂದ ಇಬ್ಬನಿಯಂತೆ ಇಳಿಯುತ್ತದೆ, ನೊಣಗಳು ಅದನ್ನು ಸಂಗ್ರಹಿಸುತ್ತವೆ ಅಷ್ಟೆ ಎಂದೂ ಅವನೇ ನಂಬಿದ್ದನು. ಗೂಡಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ನೊಣವನ್ನು ಅವನು ‘ರಾಜ’ ಎಂದು ಕರೆದನು. ಅದನ್ನು ತಾಯಿ ಎನ್ನುವವರೂ ಆ ಕಾಲದಲ್ಲಿ ಇದ್ದರೆಂದು ಅವನ ಬರಹದಿಂದಲೇ ತಿಳಿಯುತ್ತದೆ. ಆದರೆ ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಮನುಷ್ಯರ ನಾಡಿನಲ್ಲಿ ಅರಸನೇ ಆಳುತ್ತಿದ್ದನು. ಸೈನ್ಯವೂ ಕಾವಲೂ ಗಂಡಸರದ್ದಾಗಿತ್ತು. ಇಷ್ಟು ಶಿಸ್ತಿನ ನಾಡನ್ನು, ಅದೂ ಚೂಪಾದ ಆಯುಧ ಹೊತ್ತ ಸೈನ್ಯವನ್ನು, ಹೆಣ್ಣು ನಡೆಸುವುದುಂಟೇ ಎಂದು ಅವರು ಭಾವಿಸಿದರು. ಗೂಡಿನೊಳಗೆ ನೋಡುವ ಬದಲು ಅವರು ತಮ್ಮ ಅರಮನೆಯನ್ನೇ ಗೂಡಿನೊಳಗೆ ಕಂಡರು. ಸತ್ತ ಎತ್ತಿನ ಕಳೇಬರದಿಂದ ಜೇನುನೊಣಗಳು ಹುಟ್ಟುತ್ತವೆ ಎಂಬ ನಂಬಿಕೆಯೂ ಗ್ರೀಕರಲ್ಲಿ, ರೋಮನರಲ್ಲಿ ಬಹುಕಾಲ ಉಳಿಯಿತು.

ಇಲ್ಲಿ ನಾವು ನಮ್ಮ ಕುರಿತೂ ಪ್ರಾಮಾಣಿಕರಾಗಿರಬೇಕು. ಕುರ್‌ಆನಿನ ಆ ಸೂಕ್ತಗಳಲ್ಲಿ ಜೇನುನೊಣವನ್ನು ಸಂಬೋಧಿಸುವ ಕ್ರಿಯಾಪದಗಳು ಸ್ತ್ರೀಲಿಂಗದಲ್ಲಿವೆ. ಇದನ್ನೇ ಮುಂದಿಟ್ಟುಕೊಂಡು, ದುಡಿಯುವ ನೊಣಗಳು ಹೆಣ್ಣೆಂಬ ವಿಜ್ಞಾನ ನಮಗೆ ಮೊದಲೇ ತಿಳಿದಿತ್ತು ಎಂದು ಹೆಮ್ಮೆಪಡುವವರನ್ನು ನಾವು ಕಾಣುತ್ತೇವೆ. ಆದರೆ ಅರಬಿ ಭಾಷೆಯಲ್ಲಿ ‘ನಹ್ಲ್’ ಎಂಬ ಪದವನ್ನು ಸ್ತ್ರೀಲಿಂಗವಾಗಿಯೂ ಪುಲ್ಲಿಂಗವಾಗಿಯೂ ಬಳಸುವ ರೂಢಿಯಿದೆ. ಆ ಸೂಕ್ತಗಳನ್ನು ಕಂಠಪಾಠ ಮಾಡಿದ್ದ ಅರಬಿ ವಿದ್ವಾಂಸರೂ ಗೂಡಿನ ಒಡೆಯನನ್ನು ‘ಯಅಸೂಬ್’ ಎಂದು ಕರೆದು, ಅವನು ಗಂಡೆಂದೂ ಜೇನುನೊಣಗಳ ಅಮೀರನೆಂದೂ ಭಾವಿಸಿದ್ದರು. ಒಂಬತ್ತನೇ ಶತಮಾನದಲ್ಲಿ ಬಸ್ರಾದ ಅಲ್ ಜಾಹಿಝ್ ಪ್ರಾಣಿಗಳ ಕುರಿತು ಬೃಹತ್ ಗ್ರಂಥ ರಚಿಸಿದರು. ಕೈರೋದ ಇತಿಹಾಸಕಾರ ಅಲ್ ಮಕ್ರೀಝಿ (1364–1442) ಜೇನುನೊಣಗಳಿಗೆಂದೇ ಪ್ರತ್ಯೇಕ ಕೃತಿ ಬರೆದರು. ಅವರ ಶ್ರದ್ಧೆ ದೊಡ್ಡದು. ಆದರೂ ಗೂಡಿನ ಕತ್ತಲು ಅವರಿಗೂ ಕತ್ತಲೇ ಆಗಿತ್ತು.

ಇದರಿಂದ ಕುರ್‌ಆನಿನ ಘನತೆಗೆ ಕುಂದೇನೂ ಇಲ್ಲ. ಅದು ಚಿಂತಿಸಿರಿ ಎಂದು ಕರೆಯಿತು. ಯಾರೋ ಕಷ್ಟಪಟ್ಟು ಕಂಡುಹಿಡಿದ ಮೇಲೆ ನಮ್ಮಲ್ಲಿ ಮೊದಲೇ ಇತ್ತು ಎನ್ನುವುದು ಆ ಕರೆಗೆ ಉತ್ತರವಲ್ಲ. ಮಕ್ಕಳ ಮುಂದೆ ಹಾಗೆ ಹೇಳಿದರೆ ಅವರು ಹೆಮ್ಮೆಪಡಲು ಕಲಿಯುತ್ತಾರೆ, ನೋಡಲು ಕಲಿಯುವುದಿಲ್ಲ.

ಮೊದಲ ಬೆಳಕು

ಹದಿನಾರನೇ ಶತಮಾನದ ಕೊನೆಯ ಭಾಗದಲ್ಲಿ ಮೊದಲ ಬಿರುಕು ಕಾಣಿಸಿತು. 1586ರಲ್ಲಿ ಸ್ಪೇನಿನ ಲೂಯಿಸ್ ಮೆಂಡೆಸ್ ದೆ ತೋರ್ರೆಸ್ ಎಂಬವನು ಜೇನು ಸಾಕಣೆಯ ಪುಸ್ತಕವೊಂದರಲ್ಲಿ ಗೂಡಿನ ಒಡೆಯ ಗಂಡಲ್ಲ, ಮೊಟ್ಟೆಯಿಡುವ ಹೆಣ್ಣು ಎಂದು ಬರೆದನು. 1609ರಲ್ಲಿ ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಬಟ್ಲರ್ ಜೇನುಗೂಡನ್ನು ಹೆಣ್ಣಿನ ರಾಜ್ಯವೆಂದೇ ಕರೆದು ಗ್ರಂಥ ಪ್ರಕಟಿಸಿದನು. ಹಾಲೆಂಡಿನ ಯಾನ್ ಸ್ವಾಮರ್‌ಡಾಮ್ (1637–1680) ಸೂಕ್ಷ್ಮದರ್ಶಕದ ಕೆಳಗೆ ಆ ‘ರಾಜ’ನ ಒಡಲನ್ನು ಬಿಡಿಸಿ ನೋಡಿದನು. ಅದರೊಳಗೆ ಅಂಡಾಶಯಗಳಿದ್ದವು. ರಾಜನ ಪಟ್ಟ ಅಲ್ಲಿಗೆ ಮುಗಿಯಿತು. ಅವನ ಬರಹಗಳು ಬೆಳಕು ಕಂಡದ್ದು ಅವನು ತೀರಿಹೋಗಿ ಅರ್ಧ ಶತಮಾನ ಕಳೆದ ಮೇಲೆ, 1737–38ರಲ್ಲಿ.

ಆದರೆ ಒಂದು ಪ್ರಶ್ನೆಯ ಉತ್ತರ ಹತ್ತು ಹೊಸ ಪ್ರಶ್ನೆಗಳನ್ನು ಹುಟ್ಟಿಸಿತು. ರಾಣಿಯೇ ತಾಯಿಯಾದರೆ ಅವಳು ಗಂಡುನೊಣವನ್ನು ಕೂಡುವುದು ಎಲ್ಲಿ? ಗೂಡಿನೊಳಗೆ ಅದನ್ನು ಕಂಡವರಿರಲಿಲ್ಲ. ಗಂಡುನೊಣದ ವಾಸನೆಯಿಂದಲೇ ರಾಣಿ ಗರ್ಭ ಧರಿಸುತ್ತಾಳೆ ಎಂದು ಸ್ವಾಮರ್‌ಡಾಮ್ ಊಹಿಸಿದನು. ಮೇಣ ಎಲ್ಲಿಂದ ಬರುತ್ತದೆ? ಹೂವಿನ ಪರಾಗವನ್ನೇ ನೊಣಗಳು ಮೇಣವಾಗಿ ಮಾರ್ಪಡಿಸುತ್ತವೆ ಎಂದು ಪಂಡಿತರು ನಂಬಿದ್ದರು. ಸಾವಿರಾರು ನೊಣಗಳಿರುವ ಮುಚ್ಚಿದ ಗೂಡಿನೊಳಗೆ ಅವುಗಳಿಗೆ ಉಸಿರು ಕಟ್ಟುವುದಿಲ್ಲವೇಕೆ? ಇದಕ್ಕೂ ಉತ್ತರವಿರಲಿಲ್ಲ.

ಕಣ್ಣಿಲ್ಲದವನು ಕಂಡದ್ದು

1750ರಲ್ಲಿ ಜಿನೀವಾ ನಗರದಲ್ಲಿ ಫ್ರಾಂಸ್ವಾ ಹ್ಯೂಬರ್ ಹುಟ್ಟಿದನು. ಹದಿನೈದರ ಹರೆಯದಲ್ಲೇ ಅವನ ದೃಷ್ಟಿ ಮಂದವಾಗತೊಡಗಿತು. ಮುಂದೆ ಅವನು ಸಂಪೂರ್ಣ ಅಂಧನಾದನು. ಅವನನ್ನು ಮೆಚ್ಚಿದ್ದ ಮರೀ ಎಮೇ ಲ್ಯೂಲಾಂ ಎಂಬ ಯುವತಿಯ ತಂದೆ ಈ ಸಂಬಂಧಕ್ಕೆ ಒಪ್ಪಲಿಲ್ಲ. ಕಾನೂನಿನ ಪ್ರಕಾರ ಸ್ವತಂತ್ರವಾಗಿ ತೀರ್ಮಾನ ಕೈಗೊಳ್ಳುವ ವಯಸ್ಸು ಬರುವವರೆಗೂ ಆಕೆ ಕಾದಳು, ಆಮೇಲೆ ಅವನನ್ನೇ ವಿವಾಹವಾದಳು. ಮುಂದಿನ ಸುಮಾರು ನಲವತ್ತು ವರ್ಷ ಆಕೆ ಅವನಿಗೆ ಓದಿ ಹೇಳುವವಳೂ ಬರೆದುಕೊಳ್ಳುವವಳೂ ಆಗಿ ಬಾಳಿದಳು.

ಹ್ಯೂಬರ್‌ನ ಮನೆಯಲ್ಲಿ ಫ್ರಾಂಸ್ವಾ ಬ್ಯೂರ್ನೆನ್ಸ್ ಎಂಬ ರೈತ ಕುಟುಂಬದ ಸೇವಕನಿದ್ದನು. ಪುಸ್ತಕಗಳನ್ನು ಓದಿ ಹೇಳುವುದು ಅವನ ಕೆಲಸ. ಫ್ರಾನ್ಸಿನ ವಿಜ್ಞಾನಿ ರೇಯೋಮ್ಯೂರ್ ಕೀಟಗಳ ಕುರಿತು ಬರೆದಿದ್ದನ್ನು ಅವನು ಓದುತ್ತಿದ್ದಾಗ, ಈ ಹುಡುಗ ಕೇವಲ ಅಕ್ಷರ ಓದುತ್ತಿಲ್ಲ, ವಿಷಯವನ್ನು ಗ್ರಹಿಸುತ್ತಿದ್ದಾನೆ ಎಂದು ಹ್ಯೂಬರ್ ಅರಿತನು. ಇಬ್ಬರೂ ಸೇರಿ ಮೊದಲು ರೇಯೋಮ್ಯೂರನ ಪ್ರಯೋಗಗಳನ್ನೇ ಮತ್ತೆ ಮಾಡಿ ನೋಡಿದರು. ಫಲಿತಾಂಶಗಳು ಒಂದೇ ಆಗಿ ಬಂದಾಗ ಬ್ಯೂರ್ನೆನ್ಸ್‌ನ ಕಣ್ಣನ್ನು ನಂಬಬಹುದು ಎಂದು ಹ್ಯೂಬರ್‌ಗೆ ಖಾತ್ರಿಯಾಯಿತು. ಅಲ್ಲಿಂದ ಮುಂದೆ ಪ್ರಶ್ನೆ ಯಜಮಾನನದು, ನೋಟ ಸೇವಕನದು.

ಗೂಡಿನ ಕತ್ತಲನ್ನು ಭೇದಿಸಲು 1789ರ ಸುಮಾರಿಗೆ ಹ್ಯೂಬರ್ ಹೊಸ ಬಗೆಯ ಪೆಟ್ಟಿಗೆಯೊಂದನ್ನು ರೂಪಿಸಿದನು. ಅದರಲ್ಲಿ ಮರದ ಚೌಕಟ್ಟುಗಳನ್ನು ಒಂದು ಬದಿಯಲ್ಲಿ ತಿರುಗಣಿಗಳಿಂದ ಜೋಡಿಸಲಾಗಿತ್ತು. ಪ್ರತಿ ಚೌಕಟ್ಟಿನಲ್ಲೂ ನೊಣಗಳು ಒಂದೊಂದು ಎರಿ ಕಟ್ಟುತ್ತಿದ್ದವು. ಪುಸ್ತಕದ ಹಾಳೆಗಳನ್ನು ತಿರುವಿದಂತೆ ಎರಿಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದಿತ್ತು. ಓದಲಾಗದ ಮನುಷ್ಯ ಜೇನುಗೂಡನ್ನೇ ಪುಸ್ತಕವನ್ನಾಗಿ ಮಾಡಿಕೊಂಡನು.

ಅವರು ಎಳೆಯ ರಾಣಿಯನ್ನು ಗೂಡಿನಿಂದ ಹೊರಹೋಗದಂತೆ ತಡೆದರು. ಗೂಡಿನಲ್ಲಿ ಗಂಡುನೊಣಗಳು ಎಷ್ಟೇ ಇದ್ದರೂ ಆ ರಾಣಿ ಗರ್ಭ ಧರಿಸಲಿಲ್ಲ. ಹೊರಗೆ ಹಾರಲು ಬಿಟ್ಟ ರಾಣಿ ಮರಳಿದಾಗ ಅದರ ದೇಹದ ಮೇಲೆ ಕೂಡಿದ ಗುರುತು ಸ್ಪಷ್ಟವಾಗಿತ್ತು. ಸುಮಾರು ಎರಡು ದಿನಗಳಲ್ಲಿ ಅದು ಮೊಟ್ಟೆಯಿಡತೊಡಗಿತು. ಹಾಗಾದರೆ ರಾಣಿಯು ಗಂಡನ್ನು ಕೂಡುವುದು ಗೂಡಿನ ಹೊರಗೆ, ಆಕಾಶದಲ್ಲಿ. ಎರಡು ಸಾವಿರ ವರ್ಷ ಗೂಡಿನೊಳಗೆ ಹುಡುಕಿದ್ದು ಅಲ್ಲಿ ಇರಲೇ ಇಲ್ಲ. ಅದಕ್ಕೂ ಮೊದಲೇ ಸ್ಲೊವೇನಿಯಾದ ಆಂಟನ್ ಯಾನ್ಶಾ (1734–1773) ಎಂಬ ಜೇನು ಶಿಕ್ಷಕನೂ ಈ ಸತ್ಯವನ್ನು ಗಮನಿಸಿದ್ದನು. ಅವನ ನೆನಪಿಗಾಗಿಯೇ ಇಂದು ಮೇ 20ನ್ನು ವಿಶ್ವ ಜೇನುನೊಣ ದಿನವಾಗಿ ಆಚರಿಸಲಾಗುತ್ತಿದೆ.

ಮೇಣದ ಪ್ರಶ್ನೆಗೂ ಉತ್ತರ ದೊರೆಯಿತು. ಹೊರಬಿಡದೆ ಕೂಡಿಹಾಕಿದ ನೊಣಗಳಿಗೆ ಬರೀ ಜೇನು ಅಥವಾ ಸಕ್ಕರೆ ಪಾಕ ಕೊಟ್ಟಾಗ ಅವು ಎರಿ ಕಟ್ಟಿದವು. ಬರೀ ಪರಾಗ ಕೊಟ್ಟಾಗ ಕಟ್ಟಲಿಲ್ಲ. ಮೇಣವು ಹೂವಿನಿಂದ ಹೊತ್ತು ತರುವ ವಸ್ತುವಲ್ಲ, ಸಿಹಿಯನ್ನು ತಿಂದ ನೊಣದ ದೇಹವೇ ಅದನ್ನು ತಯಾರಿಸುತ್ತದೆ ಎಂಬುದು ಹೀಗೆ ತಿಳಿಯಿತು. ಗೂಡಿನ ಬಾಗಿಲ ಬಳಿ ಕೆಲವು ನೊಣಗಳು ನಿಂತಲ್ಲೇ ರೆಕ್ಕೆ ಬಡಿಯುತ್ತಾ ಗಾಳಿಯನ್ನು ಹೊರದೂಡಿ ಹೊಸಗಾಳಿ ಬರುವಂತೆ ಮಾಡುತ್ತವೆ ಎಂಬುದನ್ನೂ ಅವರು ತೋರಿಸಿಕೊಟ್ಟರು. ಮುಚ್ಚಿದ ಪಾತ್ರೆಯಲ್ಲಿಟ್ಟ ಮೋಂಬತ್ತಿ ಆರಿಹೋಗುತ್ತದೆ, ಆದರೆ ಪುಟ್ಟ ಬಾಗಿಲಿನ ಗೂಡಿನಲ್ಲಿ ಸಾವಿರಾರು ನೊಣಗಳು ಉಸಿರಾಡುತ್ತವೆ. ಬೀಸಣಿಗೆ ಹಿಡಿದ ಆ ಸೇವಕಿಯರೇ ಇದಕ್ಕೆ ಕಾರಣ.

ಒಂದು ಘಟನೆಯನ್ನಂತೂ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ರಾಣಿಯಲ್ಲದ ಸಾಮಾನ್ಯ ಕೆಲಸಗಾರ ನೊಣವೂ ಕೆಲವೊಮ್ಮೆ ಮೊಟ್ಟೆಯಿಡುತ್ತದೆಯೇ ಎಂಬ ಸಂದೇಹ ಬಂದಿತ್ತು. ಅದನ್ನು ತಿಳಿಯಲು ಎರಡು ಗೂಡುಗಳ ಪ್ರತಿಯೊಂದು ನೊಣವನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು ಪರೀಕ್ಷಿಸುವುದೊಂದೇ ದಾರಿ. ಬ್ಯೂರ್ನೆನ್ಸ್ ಆ ಕೆಲಸವನ್ನು ಕೈಗೆತ್ತಿಕೊಂಡನು. ಕುಟುಕುಗಳನ್ನು ಲೆಕ್ಕಿಸದೆ, ವಿಶ್ರಾಂತಿಯ ಕಡೆ ಗಮನ ಕೊಡದೆ ಹನ್ನೊಂದು ದಿನ ದುಡಿದು ಅದನ್ನು ಮುಗಿಸಿದನು. ಮೊಟ್ಟೆಯಿಡುವ ಕೆಲಸಗಾರ ನೊಣಗಳು ಇರುವುದು ನಿಜವೆಂದು ಅವರ ಸಂಶೋಧನೆಯಿಂದ ದೃಢಪಟ್ಟಿತು.

1792ರಲ್ಲಿ ಹ್ಯೂಬರ್ ತನ್ನ ಗ್ರಂಥವನ್ನು ಪ್ರಕಟಿಸಿದನು. ಬ್ಯೂರ್ನೆನ್ಸ್‌ನ ಪಾಲು ಎಷ್ಟೆಂಬುದನ್ನು ಅವನು ಬಚ್ಚಿಡಲಿಲ್ಲ, ಗ್ರಂಥದಲ್ಲೇ ಬರೆದನು. ಸೇವಕನ ಶ್ರಮವನ್ನು ಒಡೆಯ ತನ್ನದೆಂದು ಹೇಳಿಕೊಳ್ಳುವುದು ಆ ಕಾಲದಲ್ಲೂ ಸುಲಭವಿತ್ತು, ಈ ಕಾಲದಲ್ಲೂ ಸುಲಭ. ಬ್ಯೂರ್ನೆನ್ಸ್ ಆ ಮನೆಯನ್ನು ಬಿಟ್ಟುಹೋದ ಮೇಲೆ ಹ್ಯೂಬರ್‌ನ ಪತ್ನಿಯೂ ಮಗ ಪಿಯೆರ್‌ನೂ ಅವನ ಕಣ್ಣಾದರು. 1814ರಲ್ಲಿ ಗ್ರಂಥದ ವಿಸ್ತೃತ ಆವೃತ್ತಿ ಹೊರಬಂತು. ಮಗ ಮುಂದೆ ಇರುವೆಗಳ ಅಧ್ಯಯನದಿಂದ ಹೆಸರಾದನು. ಒಂದು ಕುಟುಂಬ ಒಟ್ಟಾಗಿ ಕುಳಿತು ನೋಡಿದರೆ, ಕೇಳಿದರೆ, ಬರೆದಿಟ್ಟರೆ ಏನಾಗಬಲ್ಲದು ಎಂಬುದಕ್ಕೆ ಇದೊಂದು ಉದಾಹರಣೆ.

ಗೂಡು ತೆರೆದ ಮೇಲೆ

ಹ್ಯೂಬರ್‌ನ ನಂತರ ಅರಿವಿನ ಬಾಗಿಲುಗಳು ಒಂದೊಂದಾಗಿ ತೆರೆದವು. 1845ರಲ್ಲಿ ಸೈಲೀಸಿಯಾದ ಪಾದ್ರಿ ಜಿಯೆರ್ಜೋನ್ ಗಂಡುನೊಣಗಳು ಫಲಿತವಾಗದ ಮೊಟ್ಟೆಗಳಿಂದ ಹುಟ್ಟುತ್ತವೆ ಎಂಬ ವಾದವನ್ನು ಮಂಡಿಸಿದನು. ಅಂದರೆ ಗಂಡುನೊಣಕ್ಕೆ ತಾಯಿ ಮಾತ್ರ ಇದ್ದಾಳೆ, ತಂದೆಯಿಲ್ಲ. 1852ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಹೊರತೆಗೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಗೆ ಹಕ್ಕುಪತ್ರ ಪಡೆದನು. ಎರಿಗಳ ನಡುವೆ ನೊಣಗಳು ಓಡಾಡಲು ಬಿಡುವ ಕಿರಿದಾದ ಅಂತರವನ್ನೇ ಪೆಟ್ಟಿಗೆಯಲ್ಲೂ ಬಿಟ್ಟರೆ ಅವು ಆ ಜಾಗವನ್ನು ಮೇಣದಿಂದ ಮುಚ್ಚುವುದಿಲ್ಲ ಎಂಬುದು ಅವನ ಗಮನಕ್ಕೆ ಬಂದಿತ್ತು. ಇದರಿಂದ ಗೂಡನ್ನು ನಾಶ ಮಾಡದೆ ಜೇನು ತೆಗೆಯುವುದು ಸುಲಭವಾಯಿತು. ನಮ್ಮ ದೇಶದ ತುಡುವೆ ಜೇನು ಗಾತ್ರದಲ್ಲಿ ಚಿಕ್ಕದು. ಅದಕ್ಕೆ ಹೊಂದುವ ಪೆಟ್ಟಿಗೆಯನ್ನು ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ತಮಿಳುನಾಡಿನಲ್ಲಿದ್ದ ಪಾದ್ರಿ ನ್ಯೂಟನ್ ರೂಪಿಸಿದರು. ದಕ್ಷಿಣ ಭಾರತದಲ್ಲಿ ಅದು ಅವರ ಹೆಸರಿನಲ್ಲೇ ಬಳಕೆಗೆ ಬಂತು.

ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ ಜೇನುನೊಣಗಳ ‘ಭಾಷೆ’ಯನ್ನು ಓದಿದರು. ಹೂಗಳಿರುವ ಜಾಗವನ್ನು ಕಂಡು ಬಂದ ನೊಣವು ಎರಿಯ ಮೇಲೆ ಹೊಟ್ಟೆಯನ್ನು ಅಲುಗಾಡಿಸುತ್ತಾ ನೇರಗೆರೆಯಲ್ಲಿ ಓಡುತ್ತದೆ. ಆ ಗೆರೆ ಎರಿಯ ಮೇಲ್ಮುಖ ದಿಕ್ಕಿನಿಂದ ಎಷ್ಟು ವಾಲಿದೆಯೋ, ಸೂರ್ಯನಿರುವ ದಿಕ್ಕಿನಿಂದ ಅಷ್ಟೇ ವಾಲಿದ ದಾರಿಯಲ್ಲಿ ಹೂಗಳಿವೆ ಎಂದರ್ಥ. ಓಟ ಎಷ್ಟು ಹೊತ್ತು ನಡೆಯುತ್ತದೆಯೋ ಅಷ್ಟು ದೂರ. ಕತ್ತಲೆಯ ಗೂಡಿನಲ್ಲಿ ಸಂಗಾತಿಗಳು ಆ ಓಟವನ್ನು ಸ್ಪರ್ಶದಿಂದಲೂ ಕಂಪನದಿಂದಲೂ ಅರಿತು ಹೂವಿನ ಕಡೆಗೆ ಹಾರುತ್ತವೆ. ಈ ಸಂಶೋಧನೆ ಸೇರಿದಂತೆ ಅವರ ಅಧ್ಯಯನಗಳಿಗೆ 1973ರಲ್ಲಿ, ಇನ್ನಿಬ್ಬರು ವಿಜ್ಞಾನಿಗಳೊಂದಿಗೆ, ನೊಬೆಲ್ ಪ್ರಶಸ್ತಿ ಸಂದಿತು.

ಮಕ್ಕಳ ಮೊದಲ ಪ್ರಶ್ನೆಗೂ ಈಗ ನಮ್ಮಲ್ಲಿ ಉತ್ತರವಿದೆ. ಹೂವಿನಲ್ಲಿರುವುದು ಜೇನಲ್ಲ, ಮಕರಂದ. ಅದರ ಬಹುಭಾಗ ನೀರು. ನೊಣವು ಅದನ್ನು ತನ್ನ ಒಡಲಿನ ಪ್ರತ್ಯೇಕ ಚೀಲದಲ್ಲಿ ತುಂಬಿಕೊಂಡು ಗೂಡಿಗೆ ತರುತ್ತದೆ. ಅಲ್ಲಿ ಅದು ಬಾಯಿಂದ ಬಾಯಿಗೆ ದಾಟುತ್ತಾ ನೊಣಗಳ ಕಿಣ್ವಗಳೊಂದಿಗೆ ಬೆರೆಯುತ್ತದೆ. ಬಳಿಕ ಅದನ್ನು ಎರಿಯ ಕೋಶಗಳಲ್ಲಿ ಹರಡಿ, ರೆಕ್ಕೆ ಬೀಸಿ, ನೀರಿನ ಅಂಶ ಶೇಕಡಾ 20ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸುತ್ತವೆ. ಆಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಹಾಗೆ ಮುಚ್ಚಿದ ಜೇನು ಕೆಡುವುದಿಲ್ಲ. ಬಿಡುವಿಲ್ಲದ ದುಡಿಮೆಯ ಕಾಲದಲ್ಲಿ ಒಂದು ಕೆಲಸಗಾರ ನೊಣದ ಆಯುಷ್ಯ ಸುಮಾರು ಆರು ವಾರ. ಅಷ್ಟೂ ಕಾಲ ದುಡಿದು ಅದು ಕೂಡಿಡುವ ಜೇನು ಒಂದು ಚಮಚೆಯನ್ನೂ ತುಂಬುವುದಿಲ್ಲ. ತಟ್ಟೆಯಲ್ಲಿ ಚೆಲ್ಲಿದ ಜೇನನ್ನು ಒರೆಸಿ ಎಸೆಯುವಾಗ ಇದು ನೆನಪಿಗೆ ಬರಬೇಕು.

ಉಪಶಮನ ಮತ್ತು ಎಚ್ಚರ

ಜೇನಿನ ಔಷಧೀಯ ಗುಣವನ್ನು ಮನುಷ್ಯ ಬಹಳ ಹಿಂದೆಯೇ ಅರಿತಿದ್ದನು. ಸುಮಾರು 3600 ವರ್ಷ ಹಳೆಯ ಈಜಿಪ್ಟಿನ ವೈದ್ಯಕೀಯ ಬರಹವೊಂದರಲ್ಲಿ ಗಾಯಕ್ಕೆ ಜೇನು ಹಚ್ಚುವ ಸಲಹೆಯಿದೆ. ಹೊಟ್ಟೆನೋವಿನಿಂದ ಬಳಲುತ್ತಿದ್ದವನಿಗೆ ಜೇನು ಕೊಡುವಂತೆ ಪ್ರವಾದಿ ಮುಹಮ್ಮದ್(ಸ) ಅವನ ಸಹೋದರನಿಗೆ ಹೇಳಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಇಬ್ನ್ ಸೀನಾರ ವೈದ್ಯಗ್ರಂಥದಲ್ಲೂ ಜೇನಿಗೆ ಸ್ಥಾನವಿದೆ. ಜೇನಿನಲ್ಲಿ ನೀರು ಕಡಿಮೆ, ಆಮ್ಲೀಯತೆಯಿದೆ, ಅದರ ಒಂದು ಕಿಣ್ವದಿಂದ ಹೈಡ್ರೋಜನ್ ಪೆರಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇವು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತವೆ. ಶುದ್ಧೀಕರಿಸಿದ ವೈದ್ಯಕೀಯ ಜೇನನ್ನು ಇಂದು ಆಸ್ಪತ್ರೆಗಳಲ್ಲಿ ಕೆಲವು ಗಾಯಗಳಿಗೆ ಬಳಸುವುದೂ ಉಂಟು.

ಆದರೆ ಇಲ್ಲಿಯೂ ಚಿಂತನೆಯ ಪಾಠ ಅನ್ವಯಿಸುತ್ತದೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ನೆಕ್ಕಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ, ಇತರ ಸಮುದಾಯಗಳಲ್ಲೂ ಇದೆ. ಜೇನಿನಲ್ಲಿ ಕೆಲವೊಮ್ಮೆ ಬಾಟ್ಯುಲಿಸಂ ಎಂಬ ರೋಗ ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ನಿರುಪದ್ರವಿ. ಒಂದು ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ಅವು ಬೆಳೆದು ವಿಷ ಉತ್ಪಾದಿಸಿ ಮಗುವಿನ ಸ್ನಾಯುಗಳನ್ನೂ ಉಸಿರಾಟವನ್ನೂ ದುರ್ಬಲಗೊಳಿಸಬಲ್ಲವು. ಆದ್ದರಿಂದ ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿ ಜೇನನ್ನೂ ಕೊಡಬಾರದೆಂದು ವೈದ್ಯರು ಹೇಳುತ್ತಾರೆ. ಪ್ರವಾದಿವರ್ಯರು(ಸ) ನವಜಾತ ಶಿಶುಗಳ ಬಾಯಿಗೆ ಸವರಿದ್ದು ಖರ್ಜೂರವೆಂದು ಹದೀಸ್‌ಗಳು ತಿಳಿಸುತ್ತವೆ, ಜೇನೇ ಆಗಬೇಕೆಂಬ ನಿಯಮವಿಲ್ಲ. ಶಿಶುವಿಗೆ ಏನನ್ನು ಸವರುವುದಿದ್ದರೂ ವೈದ್ಯರ ಸಲಹೆ ಪಡೆಯುವುದು ಒಳಿತು. ಮಧುಮೇಹವಿರುವ ಹಿರಿಯರೂ ಜೇನು ಸಕ್ಕರೆಯೇ ಎಂಬುದನ್ನು ಮರೆಯಬಾರದು.

ನಮ್ಮ ಗೋಡೆಯ ಮೇಲಿನ ಗೂಡು

ಬೆಟ್ಟ, ಮರ, ಮನುಷ್ಯರು ಕಟ್ಟಿದ ರಚನೆ ಎಂದು ಕುರ್‌ಆನ್ ಹೇಳಿದ ಮೂರೂ ನೆಲೆಗಳನ್ನು ನಾವು ಕರ್ನಾಟಕದಲ್ಲೇ ಕಣ್ಣಾರೆ ನೋಡಬಹುದು. ಹೆಜ್ಜೇನು ಬಂಡೆಗಳ ಚಾಚಿನಲ್ಲಿ, ಎತ್ತರದ ಮರದ ಕೊಂಬೆಗಳಲ್ಲಿ, ನಗರದ ನೀರಿನ ಟ್ಯಾಂಕಿನಡಿಯಲ್ಲಿ ಮತ್ತು ಬಹುಮಹಡಿ ಕಟ್ಟಡಗಳ ಸಜ್ಜಾಗಳಲ್ಲಿ ದೊಡ್ಡ ಎರಿ ಕಟ್ಟುತ್ತದೆ. ತುಡುವೆ ಪೊಟರೆಯಲ್ಲಿ ವಾಸಿಸುತ್ತದೆ. ಕೋಲುಜೇನು ಪೊದೆಯ ಕಡ್ಡಿಗೆ ಪುಟ್ಟ ಎರಿ ಕಟ್ಟಿಕೊಳ್ಳುತ್ತದೆ. ಕುಟುಕಲಾರದ ಮುಜಂಟಿ ಗೋಡೆಯ ಸಂದಿಯಲ್ಲೇ ಸಂಸಾರ ಹೂಡುತ್ತದೆ.

ಈ ಜೀವಿಗಳ ಬಾಳು ಎಷ್ಟು ಸೂಕ್ಷ್ಮವೆಂಬುದನ್ನೂ ನಾವು ಕಂಡಿದ್ದೇವೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹರಡಿದಾಗ ತುಡುವೆ ಜೇನಿನ ಮರಿಗಳು ಕೋಶಗಳಲ್ಲೇ ಸತ್ತವು, ಸಾಕಿದ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ರೋಗವನ್ನು ತಡೆಯುವುದು ನಮ್ಮೆಲ್ಲರ ಕೈಯಲ್ಲಿಲ್ಲ. ಆದರೆ ನಮ್ಮ ಕಟ್ಟಡದ ಸಜ್ಜಾದಲ್ಲಿ ಹೆಜ್ಜೇನು ಕುಳಿತಾಗ ವಿಷ ಸಿಂಪಡಿಸುವವರನ್ನು ಕರೆಸುವುದೋ ಬೇಡವೋ ಎಂಬುದು ನಮ್ಮ ಕೈಯಲ್ಲೇ ಇದೆ. ಅದು ಋತುವಿಗೆ ತಕ್ಕಂತೆ ವಲಸೆ ಹೋಗುವ ಜೇನು. ಹೂವಿನ ಕಾಲ ಮುಗಿದರೆ ತಾನಾಗಿಯೇ ಎರಿಯನ್ನು ಬಿಟ್ಟು ಹೋಗುತ್ತದೆ. ಜನರಿಗೆ ನಿಜವಾದ ಅಪಾಯವಿದ್ದರೆ ಕೊಲ್ಲದೆ ಸ್ಥಳಾಂತರಿಸಲು ಬಲ್ಲ ಅನುಭವಿಗಳನ್ನು ಕರೆಯಬಹುದು. ಅಪಾಯವಿಲ್ಲದಿದ್ದರೆ ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ, ಕಲ್ಲೆಸೆಯದಂತೆ, ಹೊಗೆ ಹಾಕದಂತೆ ತಿಳಿಹೇಳಿ, ಕೆಲವು ತಿಂಗಳು ತಾಳಿಕೊಳ್ಳಬಹುದು. ಕೊಲ್ಲಬಾರದೆಂದು ಪ್ರವಾದಿವರ್ಯರು(ಸ) ಹೆಸರಿಸಿದ ನಾಲ್ಕು ಜೀವಿಗಳಲ್ಲಿ ಜೇನುನೊಣವೂ ಒಂದೆಂದು ಹದೀಸ್‌ನಲ್ಲಿ ವರದಿಯಾಗಿದೆ. ಆ ವಚನವನ್ನು ನಾವು ಪಾಲಿಸುತ್ತೇವೆಯೇ ಎಂಬುದು ಗೊತ್ತಾಗುವುದು ಗೂಡು ನಮ್ಮ ಮನೆಯ ಗೋಡೆಗೇ ಬಂದಾಗ.

ಹೆಜ್ಜೇನು ಕುಳಿತಿರುವ ಆ ತಿಂಗಳುಗಳಲ್ಲಿ ನಮ್ಮ ಮಕ್ಕಳು ಸುರಕ್ಷಿತ ದೂರದಿಂದ ಅದನ್ನು ನೋಡಲಿ. ನೊಣಗಳು ಯಾವ ಹೊತ್ತಿಗೆ ಹೊರಡುತ್ತವೆ, ಯಾವ ಮರದಲ್ಲಿ ಹೂವಿದೆ, ಮಳೆ ಬಂದಾಗ ಏನು ಮಾಡುತ್ತವೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಅವರು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳೋಣ, ಬನ್ನಿ ಒಟ್ಟಿಗೆ ನೋಡೋಣ ಎಂದು ಕರೆಯೋಣ. ಜಿನೀವಾದ ಆ ಮನೆಯಲ್ಲಿ ನಡೆದದ್ದೂ ಅಷ್ಟೇ. ದೃಷ್ಟಿಯಿಲ್ಲದ ಒಬ್ಬನು ಕೇಳಿದನು, ಓದು ಬಲ್ಲ ರೈತ ಯುವಕನೊಬ್ಬನು ತಾಳ್ಮೆಯಿಂದ ನೋಡಿದನು, ಕಂಡದ್ದನ್ನು ಕಂಡಂತೆ ಹೇಳಿದನು. ಕಣ್ಣಿರುವ ನಮಗೆ ಅಲ್ಲಾಹನು ಆ ತಾಳ್ಮೆಯನ್ನೂ ಆ ಪ್ರಾಮಾಣಿಕತೆಯನ್ನೂ ದಯಪಾಲಿಸಲಿ. ಚಿಂತಿಸುವ ಜನರ ಸಾಲಿನಲ್ಲಿ ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ. ಆಮೀನ್.